ಸುಗುಣಮ್ಮನವರ ತಲಿಥಾ ಕೂಮ್

ಸುಗುಣಮ್ಮನವರ ಕೈ ಯಾವಾಗಲೂ ತಣ್ಣಗಿರುತ್ತಿತ್ತು. ತಿ. ನರಸೀಪುರದ ಹಾಸ್ಟೆಲಿನಲ್ಲಿದ್ದುಕೊಂಡು ನಾನು ಪಿಯುಸಿ ಓದಿದ ಎರಡು ವರ್ಷವೂ ನಮಗೆ ಬೆಳಗಾಗುತ್ತಿದ್ದದ್ದು ಆ ಕೈಯಿಂದ. ಅವರು ನಮ್ಮ ವಾರ್ಡನ್. ಗಂಟೆ ಬಾರಿಸುತ್ತಿರಲಿಲ್ಲ, ಲೈಟು ಹಾಕುತ್ತಿರಲಿಲ್ಲ. ತೊಟ್ಟಿಯ ನೀರಿನಲ್ಲಿ ಮುಖ ತೊಳೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮಂಚದಿಂದ ಮಂಚಕ್ಕೆ ಬರುತ್ತಿದ್ದರು. ಹೊದಿಕೆಯೊಳಗಿನ ಕೈಯನ್ನು ಹುಡುಕಿ ಹಿಡಿದು 'ತಲಿಥಾ ಕೂಮ್' ಎನ್ನುತ್ತಿದ್ದರು. ಎರಡನೇ ಸಲ ಹೇಳುವ ಅಗತ್ಯ ಬೀಳುತ್ತಿರಲಿಲ್ಲ. ನಮ್ಮನ್ನು ಎಬ್ಬಿಸುತ್ತಿದ್ದದ್ದು ಆ ಮಾತೋ ಆ ತಣ್ಣನೆಯ ಕೈಯೋ ಎಂದು ನಮ್ಮೊಳಗೇ ವಾದ ನಡೆಯುತ್ತಿತ್ತು.

ಸುಗುಣಮ್ಮ ನಂಜನಗೂಡಿನ ಕ್ರೈಸ್ತ ಕುಟುಂಬದವರು. ತಂದೆ ಚರ್ಚಿನಲ್ಲಿ ಉಪದೇಶಿಯಾಗಿದ್ದವರು. ನಾವೆಲ್ಲ ಹುಲ್ಲಹಳ್ಳಿ, ಸೋಸಲೆ ಕಡೆಯ ಹುಡುಗಿಯರು. ಬೆನ್ನ ಹಿಂದೆ ಅವರನ್ನು ಕೂಮಮ್ಮ ಎನ್ನುತ್ತಿದ್ದೆವು. ಅವರಿಗೆ ಅದು ಗೊತ್ತಿಲ್ಲ ಎಂದೇ ತಿಳಿದಿದ್ದೆವು. ಒಂದು ದಿನ ಬಡಿಸುತ್ತ ಅವರೇ, "ಕೂಮಮ್ಮ ಇವತ್ತು ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಹಾಕವ್ಳೆ, ಅಡ್ಜಸ್ಟ್ ಮಾಡ್ಕೊಳ್ರವ್ವ" ಎಂದರು.

ಸೋಸಲೆಯ ಪದ್ಮಾಳ ಮನೆಯವರು ಮಠಕ್ಕೆ ಸೇರಿದವರು. ತಲಿಥಾ ಕೂಮ್ ಎಂಬುದು ಮಂತ್ರವೇ ಎಂದು ಅವಳಿಗೆ ಖಾತ್ರಿಯಿತ್ತು. ಅರ್ಥ ತಿಳಿದರೆ ಮಂತ್ರದ ಶಕ್ತಿ ಹೋಗುತ್ತದೆ, ಕೇಳಬೇಡಿ ಎಂದು ತಡೆಯುತ್ತಿದ್ದಳು. ಒಂದು ಸಂಜೆ ನಾವು ಕೇಳಿಯೇಬಿಟ್ಟಾಗ ಎರಡೂ ಕಿವಿ ಮುಚ್ಚಿಕೊಂಡು ಕುಳಿತಳು.

ಅದು ಅರಾಮಿಕ್, ಯೇಸುವಿನ ಮನೆಮಾತು ಎಂದರು ಸುಗುಣಮ್ಮ. ಅವನ ಕಥೆ ಹೇಳುವ ಸುವಾರ್ತೆಗಳು ನಮಗೆ ಸಿಕ್ಕಿರುವುದು ಗ್ರೀಕಿನಲ್ಲಿ. ನಡುವೆ ಕೆಲವೇ ಮಾತುಗಳನ್ನು ಮನೆಮಾತಿನಲ್ಲೇ ಬಿಟ್ಟಿದ್ದಾರೆ. ಇದು ಬರುವುದು ಒಂದೇ ಕಡೆ. ಹುಡುಗಿಯೊಬ್ಬಳು ತೀರಿಕೊಂಡಿದ್ದಾಳೆ, ಮನೆಯಲ್ಲಿ ಗೋಳಾಟ. ಯೇಸು ಒಳಗೆ ಹೋಗಿ ಅವಳ ಕೈ ಹಿಡಿದು ಈ ಮಾತು ಹೇಳುತ್ತಾನೆ. ಅವಳು ಏಳುತ್ತಾಳೆ.

"ತಲಿಥಾ ಅಂದ್ರೆ ಕೂಸು. ಕುರಿಮರಿ ಅನ್ನೋ ಮಾತಿಂದ ಬಂದಿರೋದು ಅಂತ ನಮ್ಮಪ್ಪ ಹೇಳೋರು, ನಾವು ಮರಿ ಅಂತೀವಲ್ಲ ಹಂಗೆ. ಕೂಮ್ ಅಂದ್ರೆ ಏಳು. ಅಷ್ಟೇ ಕಣ್ರವ್ವ. ಯಾರೂ ಮಂತ್ರ ಅನ್ಕೋಬಾರ್ದು ಅಂತ, ಬರೆದೋನು ಪಕ್ಕದಲ್ಲೇ ಅರ್ಥಾನೂ ಬರೆದವ್ನೆ."

ಅವರಿಗೆ ಹೆಚ್ಚು ಇಷ್ಟವಾಗಿದ್ದದ್ದು ಅದರ ಮುಂದಿನ ಸಂಗತಿ. ಹುಡುಗಿ ಎದ್ದು ಓಡಾಡಿದ ಮೇಲೆ, ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದು ಯೇಸು ಹೇಳುತ್ತಾನಂತೆ. ಹಾಗಾಗಿ ನಮ್ಮ ಹಾಸ್ಟೆಲಿನಲ್ಲಿ ತಿಂಡಿಗೆ ಮುಂಚೆ ಯಾರಿಗೂ ಬೈಗುಳವಿರಲಿಲ್ಲ.

ಎರಡನೇ ವರ್ಷ, ಒಂದು ಬೆಳಿಗ್ಗೆ, ಕಿಟಕಿ ಪಕ್ಕದ ಮಂಚದ ಮಂಜುಳಾ ಏಳಲಿಲ್ಲ. ಹಿಂದಿನ ರಾತ್ರಿ ನಮ್ಮ ಜೊತೆ ಉಂಡು ಮಲಗಿದ್ದವಳು. ಹೃದಯದ ತೊಂದರೆ ಇದ್ದಿರಬೇಕು ಎಂದರು ಡಾಕ್ಟರು. ಮನೆಯವರಿಗೂ ಗೊತ್ತಿರದ ತೊಂದರೆ.

ಅವಳ ತಾಯಿ ಗದ್ದೆಯಿಂದ ಹಾಗೇ ಬಂದಿದ್ದರು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಅಳಲಿಲ್ಲ. ನೇರ ಸುಗುಣಮ್ಮನವರ ಮುಂದೆ ನಿಂತರು.

"ದಿನಾ ಅದ್ಯಾವ್ದೋ ಮಾತಂದು ಎಬ್ಬುಸ್ತಿದ್ರಂತಲ್ಲ ಅವ್ವಾ. ಸತ್ತೋರ್ನೂ ಎಬ್ಬಿಸೋ ಮಾತು ಅಂತಿತ್ತು ನಮ್ಮ ಕೂಸು. ಒಂದ್ಸಲ ಅನ್ನಿ."

"ಬೆಳಿಗ್ಗೇನೇ ಅಂದೆ ಕಣವ್ವ."

"ಇನ್ನೊಂದ್ಸಲ ಅನ್ನಿ."

ನಾವು ಗೋಡೆಗೆ ಒರಗಿ ನಿಂತಿದ್ದೆವು. ಪದ್ಮಾ ಕಿವಿ ಮುಚ್ಚಿಕೊಳ್ಳಲಿಲ್ಲ. ಸುಗುಣಮ್ಮ, "ಅದು ಮಂತ್ರ ಅಲ್ಲ ತಾಯಿ. ಮನೇಲಿ ನೀನು ಏನಂತ ಎಬ್ಬಿಸ್ತಿದ್ದೆ?" ಎಂದು ಕೇಳಿದರು.

"ಏಳವ್ವ ಕೂಸೇ, ವೊತ್ತಾಯ್ತು ಅಂತ."

"ಅದೇ ಅದು. ಅದಕ್ಕಿಂತ ದೊಡ್ಡದು ನನ್ನ ಹತ್ರ ಏನೂ ಇಲ್ಲ."

ತಾಯಿ ಮತ್ತೆ ಕೇಳಲಿಲ್ಲ. ಮಂಚದ ಪಕ್ಕ ಕುಳಿತು, ಮಗಳ ಕೈ ಹಿಡಿದು, ತಮ್ಮ ಮಾತಿನಲ್ಲೇ ಎಬ್ಬಿಸಿ ನೋಡಿದರು. ಮಧ್ಯಾಹ್ನ ಅವಳನ್ನು ಊರಿಗೆ ಒಯ್ಯಲು ವ್ಯಾನು ಬಂತು.

ಮರುದಿನ ಬೆಳಿಗ್ಗೆ ಸುಗುಣಮ್ಮ ಎಂದಿನ ಹೊತ್ತಿಗೇ ಬಂದರು. ಎಲ್ಲರೂ ಎದ್ದೇ ಇದ್ದೆವು. ಬಾಗಿಲಲ್ಲೇ ನಿಂತು "ಏಳ್ರವ್ವ, ಹೊತ್ತಾಯ್ತು" ಎಂದರು. ಯಾರ ಕೈಯನ್ನೂ ಹಿಡಿಯಲಿಲ್ಲ. ಆಮೇಲೆ ನಾನು ಹಾಸ್ಟೆಲ್ ಬಿಡುವವರೆಗೂ ತಲಿಥಾ ಕೂಮ್ ಎಂದದ್ದನ್ನು ಕೇಳಲಿಲ್ಲ.

ಈಗ ಮೈಸೂರಿನ ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿದ್ದೇನೆ. ಕಳೆದ ವರ್ಷ ಸುದ್ದಿಯೊಂದಕ್ಕೆ ನಂಜನಗೂಡಿಗೆ ಹೋದಾಗ ಅವರ ಮನೆ ಹುಡುಕಿದೆ. ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ತಂಗಿಯ ಮಗಳ ಜೊತೆ ಇದ್ದರು. ಹಾಸಿಗೆ ಹಿಡಿದಿದ್ದರೂ ಗುರುತು ಹಿಡಿದರು. ಕೈ ಹಾಗೇ ತಣ್ಣಗಿತ್ತು. ಆ ಮಾತನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ.

"ನನ್ನ ಕೈ ಗೊತ್ತಲ್ಲ ನಿಂಗೆ. ಅವತ್ತು ಅವಳ ಕೈ ಇದಕ್ಕಿಂತ ತಣ್ಣಗಿತ್ತು. ಮುಟ್ಟಿದ ತಕ್ಷಣ ಗೊತ್ತಾಯ್ತು. ಗೊತ್ತಾದ್ಮೇಲೂ ಅಂದೆ. ಒಂದ್ಸಲ ಅಲ್ಲ." ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. "ಅವತ್ತು ಮಂತ್ರ ಅಂತಾನೇ ಅಂದೆ ಕಣವ್ವ."

ಆಮೇಲೆ ಅವರೇ ಅಡುಗೆಮನೆಯಲ್ಲಿದ್ದ ತಂಗಿಯ ಮಗಳನ್ನು ಕರೆದು, "ಈ ಕೂಸಿಗೆ ತಿನ್ನೋಕೆ ಏನಾದ್ರೂ ಕೊಡವ್ವ" ಎಂದರು. ಉಪ್ಪಿಟ್ಟು ಬಂತು. ಅವರು ನೋಡುತ್ತಿದ್ದರು. ತಟ್ಟೆ ಖಾಲಿ ಮಾಡಿ ಎದ್ದೆ.

ಅವರು ತೀರಿಕೊಂಡ ಸುದ್ದಿ ತಡವಾಗಿ ಬಂತು. ಆ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು.