ಹುಲ್ಲಿನ ಅಳತೆ ಬಲ್ಲ ಬೀರಪ್ಪ ಕಾಕಾ

ಹುಲ್ಲು ಕಂಡಲ್ಲಿ ಬೀರಪ್ಪ ಕಾಕಾ ಕಾಲ್ಮರಿ ಬಿಡುತ್ತಿದ್ದರು. ಗುಡಿಯ ಮುಂದೆ ಚಪ್ಪಲಿ ಬಿಟ್ಟ ಹಾಗೆ ಒಂದರ ಪಕ್ಕ ಒಂದು ನೇರವಾಗಿ ಇಟ್ಟು, ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಮೈದಾನದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ನಡೆದು ಬರುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿದರೆ ಕೈ ಎತ್ತಿ, "ತಡೀರಿ, ಎಣಿಕಿ ತಪ್ಪತೈತಿ" ಎನ್ನುತ್ತಿದ್ದರು. ತಿರುಗಿ ಬಂದಾಗ ಆ ಮೈದಾನದ ಜಾತಕವೇ ಅವರ ಬಾಯಲ್ಲಿ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಹುಲ್ಲಿನ ಕೆಳಗೆ ಕಲ್ಲಿದೆ, ಎಲ್ಲಿ ಹೆಗ್ಗಣ ತೋಡಿ ನೆಲ ಪೊಳ್ಳಾಗಿದೆ, ಎಲ್ಲ.

ಅವರು ತಡವಳದವರು. ಕುರಿ ಸಾಕುವ ಮನೆತನ, ಬೀರೋಬಾನ ಭಕ್ತರು. ಅರವತ್ತರ ಹತ್ತಿರ ಬಂದಾಗ ಊರೂರು ಅಲೆಯುವುದು ಸಾಕಾಗಿ, ಹಿಂಡನ್ನು ತಮ್ಮನಿಗೆ ಒಪ್ಪಿಸಿ, ಸೊಲ್ಲಾಪುರದ ಹತ್ತಿರ ಕಾರಖಾನೆಗಳ ವಸಾಹತಾದ ಚಿಂಚೋಳಿ ಎಂಐಡಿಸಿಯ ಒಂದು ಕಂಪನಿಯಲ್ಲಿ ಕುಡುಗೋಲಿನಿಂದ ಹುಲ್ಲು ಕೊಯ್ಯುವ ಕೆಲಸಕ್ಕೆ ಸೇರಿದ್ದರು. ನಾನು ಅವರನ್ನು ಮೊದಲು ಕಂಡದ್ದು ಅಲ್ಲಿಯೇ.

ಆಗ ಹೋಟಗಿ ರಸ್ತೆಯಲ್ಲಿ ನನ್ನದೊಂದು ಸಣ್ಣ ನರ್ಸರಿ ಇತ್ತು. ಗಿಡ ಒಯ್ದವರೆಲ್ಲ "ಲಾನ್ ಕೂಡ ನೀವೇ ನೋಡಿಕೊಳ್ಳಿ" ಎನ್ನತೊಡಗಿದ್ದರಿಂದ ಅದನ್ನೇ ಒಂದು ಉದ್ಯೋಗ ಮಾಡಿದರಾಯಿತು ಎಂದುಕೊಂಡೆ. ಆರಂಭಕ್ಕೆ ಮೂರು ಜಾಗ ಸಿಕ್ಕವು: ಸೊಲ್ಲಾಪುರದ ಒಂದು ಬಂಗಲೆಗಳ ಸೊಸೈಟಿ, ಅಕ್ಕಲಕೋಟೆಯ ಒಂದು ಯಾತ್ರಿ ನಿವಾಸ, ಮತ್ತೆ ಬೀರಪ್ಪ ಕಾಕಾ ಕೊಯ್ಯುತ್ತಿದ್ದ ಅದೇ ಕಂಪನಿಯ ಮೈದಾನ. ಕಂಪನಿಯ ಸಾಹೇಬರು ಹುಲ್ಲಿನ ಜೊತೆಗೆ ಕಾಕಾರನ್ನೂ ನನಗೆ ವಹಿಸಿಕೊಟ್ಟರು.

ನನ್ನ ಕಣ್ಣು ಕೂತು ಓಡಿಸುವ ಮಷೀನಿನ ಮೇಲಿತ್ತು. ಸಣ್ಣ ಟ್ರಾಕ್ಟರಿನಂಥದು, ಒಂದು ಸುತ್ತಿಗೆ ನಲವತ್ತೆರಡು ಇಂಚು ಅಗಲ ಕೊಯ್ಯುತ್ತದೆ. ಮೊಬೈಲಿನಲ್ಲಿ ಅದರ ವಿಡಿಯೋ ನೋಡಿ ನೋಡಿ, ಅದರ ಮೇಲೆ ನಮ್ಮ ಹೆಸರು ಬರೆಸುವುದು ಯಾವ ಬಣ್ಣದಲ್ಲಿ ಎಂಬುದನ್ನೂ ಠರಾಯಿಸಿದ್ದೆ. ಕಾಕಾರಿಗೂ ತೋರಿಸಿದೆ. ಅವರು ಮೊಬೈಲನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಚಂದ ಐತ್ರಿ. ಯಾವ ಬಾಗಲದಾಗಿಂದ ಒಳಗ ಹೊಗತೈತಿ?"

ಮರುದಿನ ನನ್ನನ್ನು ಹೊರಡಿಸಿಕೊಂಡು ಸೊಸೈಟಿಗೆ ಹೋದರು. ಒಂದೊಂದು ಬಂಗಲೆಯ ಪಕ್ಕದ ಸಣ್ಣ ಗೇಟಿಗೂ ಮೊಣಕೈ ಹಚ್ಚಿ ಮೊಳ ಹಾಕಿದರು. ಒಂದು ಗೇಟೂ ಎರಡು ಮೊಳ ದಾಟಲಿಲ್ಲ.

"ಎರಡ ಮೊಳದ ಬಾಗಲಾ, ಮೂರ ಮೊಳದ ಎಮ್ಮಿ. ಹೆಂಗ ಮಾಡ್ತೀರಿ ಅಕ್ಕಾರ, ಎಮ್ಮಿನ ಕತ್ತರಿಸಿ ಒಳಗ ಹಾಕ್ತೀರೇನು?"

ಯಾತ್ರಿ ನಿವಾಸದ ಕಥೆಯೂ ಅದೇ. ಅಲ್ಲಿ ಲಾನ್ ಎಂದರೆ ಬೆಂಚು, ಹೂವಿನ ಪಾತಿ, ದೀಪದ ಕಂಬಗಳ ನಡುವಿನ ತುಂಡು ತುಂಡು ಹುಲ್ಲು. ದೊಡ್ಡ ಮಷೀನು ತಿರುಗುವಷ್ಟರಲ್ಲಿ ಅರ್ಧ ಹೂವು ನೆಲಕ್ಕೆ. ಕೊನೆಗೆ ಹಿಂದೆ ನಡೆಯುತ್ತ ನೂಕುವ, ಇಪ್ಪತ್ತೊಂದು ಇಂಚಿನ ಎರಡು ಮಷೀನು ತಂದೆವು. ಕಾಕಾ ಕಿಸೆಯಿಂದ ಬೀರೋಬಾನ ಭಂಡಾರದ ಅರಿಶಿನದ ಪುಡಿಕೆ ತೆಗೆದು ಎರಡಕ್ಕೂ ಹಚ್ಚಿದರು. ನಾನು ಕುಂಕುಮ ಹಿಡಿದು ನಿಂತಿದ್ದೆ. "ಅದೂ ಇರ್ಲಿ ಬಿಡ್ರಿ" ಎಂದು ಜಾಗ ಬಿಟ್ಟುಕೊಟ್ಟರು.

ಬ್ಲೇಡನ್ನು ಎಷ್ಟು ಕೆಳಗಿಳಿಸಬೇಕು ಎಂಬುದು ಅವರ ಇನ್ನೊಂದು ಹಟ. ಗಿರಾಕಿಗಳಿಗೆ ನೆಲಕ್ಕೆ ಹತ್ತಿ ಬೋಳಿಸಿದಂತೆ ಬೇಕು. ಮತ್ತೆ ಬೇಗ ಬೆಳೆಯುವುದಿಲ್ಲವೆಂಬ ಲೆಕ್ಕ. ಕಾಕಾ ಒಪ್ಪುತ್ತಿರಲಿಲ್ಲ. "ನೆಲಾ ಕಾಣೂ ಹಂಗ ಮೇಯಿಸಿದ್ರ ಮುಂದಿನ ಸಲ ಹಿಂಡ ಎಲ್ಲಿ ಹೊಡಕೊಂಡ ಹೋಗ್ತೀರಿ?" ಎಂದು ಕೇಳುತ್ತಿದ್ದರು. ಸೊಸೈಟಿಯ ನಿವೃತ್ತ ಮಾಸ್ತರರೊಬ್ಬರು, ನಮ್ಮಲ್ಲಿ ಹಿಂಡೇ ಇಲ್ಲವಲ್ಲಪ್ಪ ಎಂದು ನಕ್ಕರು. ಕಾಕಾ ನಗಲಿಲ್ಲ. ಬೇಸಿಗೆಯಲ್ಲಿ ಪಕ್ಕದ ಸೊಸೈಟಿಯ ಲಾನು ತೇಪೆ ತೇಪೆಯಾಗಿ ಒಣಗಿ, ಮಾಸ್ತರರ ಅಂಗಳ ಹಸಿರು ಉಳಿದಾಗ ಮಾತ್ರ ಅವರ ಮನೆಯ ಮುಂದೆ ಎರಡು ಸಲ ಸುಮ್ಮನೆ ಅಡ್ಡಾಡಿದರು.

ಇಷ್ಟಾದ ಮೇಲೆ ನಾನು ಅವರ ಮಾತನ್ನು ಮೀರುವುದು ಬಿಟ್ಟೆ. ಪೆಟ್ಟು ತಿಂದದ್ದೂ ಅದರಿಂದಲೇ.

ಕಂಪನಿಯ ಮೈದಾನ ಎರಡು ಎಕರೆ. ಬೇಸಿಗೆಯಲ್ಲಿ ಎರಡು ಸಣ್ಣ ಮಷೀನು ಹೇಗೋ ನಿಭಾಯಿಸಿದವು. ಮಳೆಗಾಲ ಹತ್ತಿದ್ದೇ ತಡ, ಹುಲ್ಲಿಗೆ ಹುಚ್ಚು ಹಿಡಿಯಿತು. ನಾವು ಈ ತುದಿಯಿಂದ ಕೊಯ್ಯುತ್ತ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಮತ್ತೆ ಎದ್ದಿರುತ್ತಿತ್ತು. ನಾನೂ ಸೀರೆಯ ಸೆರಗು ಕಟ್ಟಿ ಒಂದು ಮಷೀನು ನೂಕಿದೆ. ಸಾಹೇಬರು ಬಂದು ಗೇಟಿನ ಹತ್ತಿರ ನಿಂತು ಮರಾಠಿಯಲ್ಲಿ ಕೇಳಿದರು, "ಮ್ಯಾಡಮ್, ಹೇ ಗವತ ಆಹೆ ಕೀ ಊಸ?" ಇದು ಹುಲ್ಲೋ ಕಬ್ಬೋ ಎಂದು. ಆಮೇಲೆ ನಗು ನಿಲ್ಲಿಸಿ, ಈ ತಿಂಗಳಲ್ಲಿ ಸರಿಯಾಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದರು.

"ಕಾಕಾ, ಇಲ್ಲಿಗಿ ದೊಡ್ಡದ ತರೂಣೇನ್ರಿ?" ಎಂದೆ.

"ಬ್ಯಾಡ್ರಿ. ಎರಿ ನೆಲಾ. ಮಳಿಯಾಗ ಗಾಲಿ ಹುಗದು ನಿಲ್ಲತಾವ" ಎಂದು ಅವರು ನನ್ನ ಮುಖ ನೋಡದೆ ಹೇಳಿದರು. ನಾನು ನಂಬಿದೆ. ಇನ್ನೊಂದು ವಾರ ನೂಕಿದೆವು. ನನ್ನ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು.

ಒಂದು ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದೆವು. ಕಾಕಾ ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂತಿದ್ದರು. ಕಣ್ಣು ನನ್ನ ಅಂಗೈಯ ಮೇಲಿತ್ತು.

"ಅಕ್ಕಾರ, ಒಂದ ಮಾತ ಹೇಳ್ತೀನಿ. ಸಿಟ್ಟಾಗ್ರಿ, ಆದ್ರ ಪೂರಾ ಕೇಳಿ ಸಿಟ್ಟಾಗ್ರಿ."

"ಹೇಳ್ರಿ ಕಾಕಾ."

"ಈ ಮೈದಾನಕ್ಕ ದೊಡ್ಡದ ಬೇಕು. ಮೊದಲಿನ ದಿನಾ ನಡದಾಗನ ಗೊತ್ತಿತ್ತ ನನಗ. ಇಲ್ಲೆ ನೆಲಾ ಗಟ್ಟಿ ಐತಿ, ಮುರುಮ ಮಣ್ಣ ಹಾಕ್ಯಾರ. ಗಾಲಿ ಹುಗಿಯೂದಿಲ್ಲ. ನಾ ಸುಳ್ಳ ಹೇಳೀನಿ."

"ಯಾಕ್ರಿ?"

"ದೊಡ್ಡದ ಬಂದ್ರ ಅದನ್ನ ಸಾಲಿ ಕಲ್ತಾವ ಯಾವನರೆ ಬಂದು ಓಡಸ್ತಾನ. ಸೈಕಲ್ ಸುದ್ದಾ ಬರೂದಿಲ್ಲ ನನಗ. ಕುರಿ ಬಿಟ್ಟ ಬಂದೀನಿ, ಇನ್ನ ಹುಲ್ಲೂ ಬಿಟ್ಟ ಮನಿಗಿ ಹೋಗಿ ಏನ ಮಾಡ್ಲಿ?"

ನನಗೆ ಸಿಟ್ಟು ಬಂತು. ಅವರ ಮೇಲೆ ಬಂದಷ್ಟೇ ನನ್ನ ಮೇಲೂ ಬಂತು. ಗೇಟು ಅಳೆದಿದ್ದೆವು, ಹುಲ್ಲಿನ ಎತ್ತರ ಅಳೆದಿದ್ದೆವು. ಈ ಮನುಷ್ಯ ಇಷ್ಟು ದಿನ ಏನನ್ನು ಹೊತ್ತುಕೊಂಡು ಮಷೀನು ನೂಕುತ್ತಿದ್ದಾರೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

"ದೊಡ್ಡದ ತರ್ತೀನಿ. ಆದ್ರ ಓಡಸಾವ್ರು ನೀವ" ಎಂದೆ.

ಅವರು ಕೈಯಲ್ಲಿದ್ದ ರೊಟ್ಟಿ ಬುತ್ತಿಯಲ್ಲಿಟ್ಟು, ಎದ್ದು ಹೋಗಿ ನಳದ ನೀರಿನಿಂದ ಮುಖ ತೊಳೆದುಕೊಂಡು ಬಂದರು. ಮತ್ತೆ ಕಾಲ್ಮರಿ ಬಿಟ್ಟು ಬೇವಿನ ಸಾಲಿನ ನಡುವೆ ನಡೆದರು. ನಾನು ಫೋನ್ ಹಚ್ಚಿದಾಗ ಮಷೀನಿನ ಅಂಗಡಿಯವನು ಐವತ್ನಾಲ್ಕು ಇಂಚಿನದೇ ಒಳ್ಳೆಯದು ಎಂದು ಒತ್ತಾಯಿಸುತ್ತಿದ್ದ. ಗಿಡದಿಂದ ಗಿಡಕ್ಕೆ ಅಷ್ಟು ಸಂದಿಯಿಲ್ಲ, ನಲವತ್ತೆರಡೇ ಸಾಕು ಎಂದು ಕಾಕಾ ಹೇಳಿದರು. ಈ ಸಲ ನನ್ನ ಮುಖ ನೋಡಿ ಹೇಳಿದರು.

ಮಷೀನು ಬಂದಾಗ ಅವರ ಹೆಂಡತಿ ಸೋನವ್ವ ತಡವಳದಿಂದ ಬಸ್ಸು ಹಿಡಿದು ನೋಡಲು ಬಂದಿದ್ದಳು. ಕಾಕಾ ಸೀಟಿನಲ್ಲಿ ಕೂತು, ಸ್ಟೇರಿಂಗನ್ನು ಟಗರಿನ ಕೊಂಬಿನಂತೆ ಗಟ್ಟಿಯಾಗಿ ಹಿಡಿದರು. ಮಷೀನು ಗೋಡೆಯ ಕಡೆ ಹೊರಟಾಗ ಬ್ರೇಕು ಮರೆತು "ಹೋ! ಹೋ!" ಎಂದು ಕೂಗಿದರು. ಸೋನವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು ನಕ್ಕು ನೆಲಕ್ಕೆ ಕೂತಳು. ಎಂಟು ದಿನದಲ್ಲಿ ಕಲಿತರು. ಹದಿನೈದನೆಯ ದಿನ ಸಾಹೇಬರು ಬಂದು ಮೈದಾನದ ತುಂಬ ಒಂದೇ ಸಮನಾಗಿ ಎದ್ದ ಪಟ್ಟೆಗಳನ್ನು ನೋಡಿ ಫೋಟೋ ತೆಗೆದುಕೊಂಡರು. ಕಾಕಾ ಆ ಫೋಟೋದಲ್ಲಿ ಬರಲಿಲ್ಲ. ಮಷೀನಿನ ಹಿಂದೆ ಹೋಗಿ ಗಾಲಿಯ ಮಣ್ಣು ಕೆರೆಯುತ್ತಿದ್ದರು.

ನಾಲ್ಕು ಮಳೆಗಾಲ ಅವರು ಅದನ್ನು ಓಡಿಸಿದರು. ಐದನೆಯದಕ್ಕೆ ಎದೆನೋವು ಬಂತು. ಡಾಕ್ಟರು ಕೆಲಸ ಬಿಡಿಸಿದರು.

ಅದಾಗಿ ಕೆಲವು ತಿಂಗಳಿಗೆ ಅಕ್ಕಲಕೋಟೆಯ ಒಂದು ಹುಡುಗಿಯರ ಶಾಲೆಯ ಮೈದಾನ ನಮಗೆ ಸಿಕ್ಕಿತು. ಯಾವ ಮಷೀನು ಹೊಂದುತ್ತದೆಂದು ಕೇಳುವ ನೆಪ ಮಾಡಿಕೊಂಡು ತಡವಳಕ್ಕೆ ಹೋದೆ. "ಕರ್ಕೊಂಡ ಹೋಗ್ರಿ ಅಕ್ಕಾರ, ದಿನಾ ಗ್ವಾಡಿ ನೋಡ್ಕೋತ ಕುಂದ್ರತಾರ" ಎಂದಳು ಸೋನವ್ವ. ಕಾಕಾರನ್ನು ಟೆಂಪೋದಲ್ಲಿ ಮುಂದೆ ಕೂರಿಸಿಕೊಂಡು ಶಾಲೆಗೆ ಬಂದೆ. ಹಿಂದೆ ಒಂದು ಸಣ್ಣ ಮಷೀನೂ ಇತ್ತು. ಅವತ್ತೇ ಒಂದು ಅಂಚು ಕೊಯ್ದು ನೋಡೋಣವೆಂದು. ಹುಡುಗಿಯರಿಗೆ ಆಟದ ಪೀರಿಯಡ್. ಖೋ ಖೋ ನಡೆದಿತ್ತು. ಕಾಕಾ ನಡೆಯುವ ಸ್ಥಿತಿಯಲ್ಲಿರಲಿಲ್ಲ. ವರಾಂಡದ ಕಟ್ಟೆಯ ಮೇಲೆ ಕೂತರು.

"ಇವತ್ತ ಮಷೀನ ಇಳಸಬ್ಯಾಡ್ರಿ. ಆಡ್ಲಿ" ಎಂದರು.

"ಆತ್ರಿ. ಇಲ್ಲಿಗಿ ಯಾವುದ ಬೇಕು, ಹೇಳ್ರಿ ಕಾಕಾ."

"ನೀವ ಹೇಳ್ರಿ."

ನಾನು ಹೇಳಿದೆ. ಗೇಟು ಅಗಲವಿದೆ, ಆದರೆ ನಳದ ಕಡೆ ನೆಲ ಮೆತ್ತಗಿದೆ, ನಲವತ್ತೆರಡರ ಭಾರ ತಾಳುವುದಿಲ್ಲ. ಇಪ್ಪತ್ತೊಂದು ತಂದರೆ ಎರಡು ದಿನ ಹಿಡಿಯುತ್ತದೆ, ಆ ಎರಡು ದಿನ ಹುಡುಗಿಯರಿಗೆ ಮೈದಾನವಿಲ್ಲ. ಮೂವತ್ತು ಇಂಚಿನದಾದರೆ ರವಿವಾರ ಒಂದೇ ದಿನದಲ್ಲಿ ಮುಗಿಯುತ್ತದೆ.

ಅವರು ಖೋ ಖೋ ಆಡುವವರನ್ನೇ ನೋಡುತ್ತ, "ಹುಡಿಗೇರ ಆಡೂ ದಿನಾನೂ ಲೆಕ್ಕಕ್ಕ ತಗೊಂಡೀರಿ" ಎಂದರು. "ಅದು ನನಗ ಹೊಳದಿರಲಿಲ್ಲ."

ಆ ಮೂವತ್ತು ಇಂಚಿನದು ಬರುವ ಹೊತ್ತಿಗೆ ಕಾಕಾ ಇರಲಿಲ್ಲ. ನಾವು ಕೂಡಿ ನೋಡಿದ ಕೊನೆಯ ಹುಲ್ಲು ಆ ಶಾಲೆಯದು. ಅವತ್ತು ಊರಿಗೆ ಬಿಟ್ಟುಬರಲು ತಡವಾಗುತ್ತದೆಂದು ನಾನು ಎದ್ದು ನಿಂತಾಗ, ಅವರು ನನ್ನ ಕೈ ಹಿಡಿದು ಮತ್ತೆ ಕೂರಿಸಿದರು.

"ಗಂಟಿ ಆಗೂತನಾ ಕುಂದ್ರೂಣು, ಅಕ್ಕಾರ."

ಗಂಟೆ ಬಾರಿಸುವ ತನಕ ಕೂತೆವು.