ದೊರೆ ತೊಳೆದ ರೋಮಿನ ನಾಣ್ಯ

ಸೊಸೆ ಹುಣಸೆಹುಳಿಯಲ್ಲಿ ದೀಪ ಉಜ್ಜುತ್ತಿದ್ದ ವಾಸನೆಗೆ ಸಿದ್ದಾಪುರದ ಎಸ್ಟೇಟಿನ ನಮ್ಮ ಮನೆ ನೆನಪಾಯಿತು. ಅಪ್ಪ ಅಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಕಾಫಿ ಗಿಡಕ್ಕೆ ಗುಂಡಿ ತೋಡಿಸುವಾಗ ಅವರಿಗೆ ಹಸಿರುಗಟ್ಟಿದ ನಾಣ್ಯವೊಂದು ಸಿಕ್ಕಿತ್ತು. ಅವ್ವ ಅದನ್ನು ಹುಣಸೆಹುಳಿಗೆ ಹಾಕಹೊರಟಾಗ, ಸುದ್ದಿ ಕೇಳಿ ಬಂದ ಎಸ್ಟೇಟಿನ ಬಿಳಿ ದೊರೆ, ಹುಳಿ ನಾಣ್ಯವನ್ನು ತಿಂದುಬಿಡುತ್ತದೆಂದು ತಡೆದ. ದಿನವೂ ನಮ್ಮ ಜಗಲಿಗೆ ಬಂದು, ಬರಿನೀರಲ್ಲಿ ನೆನೆಸಿದ್ದನ್ನು ಬಿದಿರುಕಡ್ಡಿಯಿಂದ ಮೆಲ್ಲಗೆ ಕೆರೆಯುತ್ತಿದ್ದ. ಕೊನೆಗೆ ಗಿಡುಗನ ಮೂಗಿನ ರಾಜನೊಬ್ಬನ ಮುಖ ಮೂಡಿತು.

"ರೋಮಿನ ಕಂಚು. ಬೆಲೆ ಇಲ್ಲ" ಎಂದು ಜೇಬಿಗಿಳಿಸಿದ.

"ಬೆಲೆ ಇಲ್ಲದ್ದನ್ನ ಕೂಸನ್ನ ಮೀಯಿಸಿದ ಹಾಗೆ ಯಾಕೆ ತೊಳೆದ್ರಿ ದೊರೆ? ಕೊಡಿ ಇಲ್ಲಿ" ಎಂದು ಅವ್ವ ಕೈಚಾಚಿದಳು. ಕೆಲಸ ಹೋಯಿತೆಂದು ಅಪ್ಪ ಅವಳನ್ನು ಹಿಂದಕ್ಕೆಳೆದರು. ದೊರೆ ಮುಖ ಕೆಂಪಗೆ ಮಾಡಿಕೊಂಡು ಕೊಟ್ಟುಹೋದ. ಸಾಯುವತನಕ ಅವ್ವನಿಗೆ ಅವನು ಕಳ್ಳನೇ.

ಮೊನ್ನೆ ಅದನ್ನು ನಾಣ್ಯ ಬಲ್ಲವರೊಬ್ಬರಿಗೆ ತೋರಿಸಿದೆ. "ಇಂಥವು ಬೇಕಾದಷ್ಟು ಸಿಗ್ತವೆ ಅಜ್ಜಿ, ಬೆಲೆಯಿಲ್ಲ. ಇಲ್ಲೇ ಬಿಟ್ಟುಹೋಗಿ" ಎಂದರು.

ನಾನು ನಾಣ್ಯವನ್ನು ಸೆರಗಿಗೆ ಗಂಟುಹಾಕಿಕೊಂಡು ಎದ್ದುಬಂದೆ.