ಮೊದಲು ತಟ್ಟೆಯಲ್ಲಿ, ಆಮೇಲೆ ಕಾಶಿಂಬಿಗೆ

ದೊಡವಾಡದ ಕಾಶಿಂಬಿ ಹೊಟ್ಟೆ ಉರಿದಾಗಲೆಲ್ಲ ಒಲೆಯ ಮುಂದೆಯೇ ಒಂದು ಲೋಟ ಮಜ್ಜಿಗೆ ಕುಡಿದು ಮತ್ತೆ ರೊಟ್ಟಿ ಬಡಿಯುತ್ತಿದ್ದಳು. ಮನೆಯಲ್ಲಿ ಯಾರೂ ಅದನ್ನು ಬೇನೆಯೆಂದು ಎಣಿಸಲಿಲ್ಲ, ಅವಳೂ ಎಣಿಸಲಿಲ್ಲ. ಉಂಡದ್ದೆಲ್ಲ ವಾಂತಿಯಾಗತೊಡಗಿದ ಮೇಲೆ ಮಗಳು ಹಿನಾಕೌಸರ ಜಗಳ ಮಾಡಿ ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ದಳು. ಜಠರದ ಕ್ಯಾನ್ಸರ್ ಅಂದರು. ಮೊದಲ ಕಿಮೋಗೆ ಕೂದಲು ಉದುರಿತು, ಬಾಯಿರುಚಿ ಕೆಟ್ಟಿತು, ಎದ್ದು ನಿಲ್ಲುವ ತ್ರಾಣ ಹೋಯಿತು. ಗಡ್ಡೆ ಮಾತ್ರ ಜಗ್ಗಲಿಲ್ಲ.

"ಇನ್ನೊಂದು ಔಷಧಾನೂ ಹಿಂಗ ಆದ್ರ ನಾ ಉಳಿಯಂಗಿಲ್ರಿ," ಎಂದಳು ಡಾಕ್ಟರ್ ಸ್ನೇಹಲ್ ಮುಂದೆ.

ಸ್ನೇಹಲ್ ಒಂದು ಅಧ್ಯಯನದ ವಿಷಯ ಹೇಳಿದರು. ಗಡ್ಡೆಯ ಚೂರೊಂದನ್ನು ತೆಗೆದು ಪ್ರಯೋಗಾಲಯದ ಸಣ್ಣ ತಟ್ಟೆಗಳಲ್ಲಿ ಬೆಳೆಸುತ್ತಾರೆ. ಒಂದೊಂದು ತಟ್ಟೆಗೆ ಒಂದೊಂದು ಔಷಧ ಹಾಕಿ, ಯಾವುದಕ್ಕೆ ಆ ಜೀವಕೋಶಗಳು ಸಾಯುತ್ತವೆ ಎಂದು ನೋಡುತ್ತಾರೆ.

"ರೋಜಾ ಉಪವಾಸ ಇದ್ದಾಗ ನಾವು ಸಾರಿಂದು ಉಪ್ಪು ನಾಲಿಗಿ ತುದಿಲೆ ನೋಡಿ ಉಗುಳತೀವಲ್ರಿ, ಹಂಗ. ಹೊಟ್ಟಿಗಿ ಇಳಿಸೂದಿಲ್ಲ," ಎಂದಳು ಕಾಶಿಂಬಿ.

"ಹಂಗ ಅನ್ಕೋರಿ. ಆದ್ರ ತಟ್ಟ್ಯಾಗ ಕೆಲಸ ಮಾಡಿದ್ದು ಮೈಯಾಗೂ ಮಾಡೇ ಮಾಡತೈತಿ ಅಂತ ಖಾತ್ರಿ ಕೊಡಾಕ ಬರೂದಿಲ್ಲ."

ಚೂರು ಕೊಟ್ಟು ಊರಿಗೆ ಬಂದರು. ಟೆಂಪೋ ಓಡಿಸುವ ಗಂಡ ಬುರಾನಸಾಬ ಕೇಳಿದವರಿಗೆಲ್ಲ, "ಬ್ಯಾನಿ ತಗದು ಲ್ಯಾಬಿಗೆ ಕಳಿಸ್ಯಾರ, ಅಲ್ಲೇ ಔಷಧ ನಡದೈತಿ" ಎನ್ನತೊಡಗಿದ. ಸುಳ್ಳಲ್ಲ, ಹಾಗೆಂದೇ ನಂಬಿದ್ದ. ಆ ಖುಷಿಗೆ ಸಂಗೊಳ್ಳಿಯ ತಂಗಿಯ ಮನೆಯವರನ್ನು ಊಟಕ್ಕೂ ಕರೆದ.

ಕಾಶಿಂಬಿ ಹಿಟ್ಟಿನ ಪರಾತದ ಮುಂದೆ ಕುಳಿತಳು. ಕೈ ಏಳಲಿಲ್ಲ.

"ಏನ್ರೀ, ಇಲ್ಲಿ ಬರ್ರಿ. ಚೂರು ಅಲ್ಲೈತಿ, ಗಡ್ಡಿ ನನ್ನ ಹೊಟ್ಟ್ಯಾಗೇ ಐತಿ. ಔಷಧ ಆ ಚೂರಿಗೆ ನಡದೈತಿ, ನನಗಿನ್ನೂ ಶುರು ಆಗಿಲ್ಲ."

ಬುರಾನಸಾಬ ಬಾಗಿಲಲ್ಲೇ ನಿಂತ. "ಹಂಗಾರ ನೀ ಆರಾಮ ಆಗಿಲ್ಲ?"

"ಇಲ್ಲ."

ಅವನ ಮುಖ ಇಳಿಯಿತು. "ತಂಗಿಗೆ ಫೋನ್ ಹಚ್ಚತೇನಿ. ಆಕೀನ ರೊಟ್ಟಿ ಬಡಕೊಂಡು ಬರತಾಳ" ಎಂದ.

"ಅಬ್ಬಾ, ಕುಕ್ಕರಿನ್ಯಾಗ ಅಕ್ಕಿ ಹಾಕಾಕೂ ತಂಗೀನ ಬೇಕೇನ್ರಿ?" ಎಂದು ಹಿನಾ ಅಪ್ಪನನ್ನು ಕೇಳಿದಳು.

ಅಂದು ನೆಂಟರು ಬುರಾನಸಾಬ ಮಾಡಿದ, ತಳ ಹಿಡಿದ ಖಿಚಡಿ ಉಂಡು ಹೋದರು. ಕಾಶಿಂಬಿ ಮಲಗಿಯೇ ಇದ್ದಳು.

ಕೆಲವು ವಾರಗಳಾದ ಮೇಲೆ ಸ್ನೇಹಲ್ ಫೋನ್ ಮಾಡಿದರು. ಮುಂದೆ ಕೊಡಬೇಕೆಂದಿದ್ದ ಔಷಧಕ್ಕೆ ತಟ್ಟೆಯಲ್ಲಿನ ಚೂರು ಬಗ್ಗಿರಲಿಲ್ಲ, ಬೇರೊಂದಕ್ಕೆ ಸತ್ತಿತ್ತು. ಅದನ್ನೇ ಶುರು ಮಾಡಿದರು. ಈ ಸಲ ಸುಸ್ತಾಯಿತು, ಆದರೆ ಗಂಜಿ ಹೊಟ್ಟೆಯಲ್ಲಿ ನಿಂತಿತು.

ಸ್ಕ್ಯಾನ್ ನೋಡಿದ ದಿನ ಸ್ನೇಹಲ್ ನಕ್ಕರು. "ಗಡ್ಡಿ ಸಣ್ಣದಾಗೈತಿ ಅಕ್ಕಾರ. ಇನ್ನ ಆಪರೇಶನ್ ಮಾಡಾಕ ಬರತೈತಿ."

ಕಾಶಿಂಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬುರಾನಸಾಬ ಕೇಳಿದ: "ಆಮ್ಯಾಲೆ ಆಕಿ ಯಾವಾಗ ಒಲಿ ಮುಂದ ಕುಂದ್ರಬೌದ್ರಿ?"

"ಅದನ್ನ ನಾನ ಹೇಳತೇನಿ," ಎಂದಳು ಕಾಶಿಂಬಿ. "ಇವತ್ತಲ್ಲ."

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದವಳು ಬೈಲಹೊಂಗಲ ದಾಟಿದ್ದೂ ತಿಳಿಯದ ಹಾಗೆ ನಿದ್ದೆ ಹೋದಳು.